ಬಯೋಸ್ಟ್ಯಾಟಿಸ್ಟಿಕ್ಸ್ ದೂರಶಿಕ್ಷಣ: ಫೀಸ್ ಕಟ್ಟೋ ಮುಂಚೆ ಇಷ್ಟು ನೋಡಿ

ಶಿವಮೊಗ್ಗ: ಬಿಎಸ್ಸಿ ಮುಗಿಸಿ ತಾಲೂಕು ಆಸ್ಪತ್ರೆ ಲ್ಯಾಬ್‌ನಲ್ಲೋ, ಮೆಡಿಕಲ್ ಶಾಪ್‌ನಲ್ಲೋ ಕೆಲಸಕ್ಕೆ ಸೇರಿದವರಿಗೆ ಮುಂದೆ ಓದೋಕೆ ಇರುವ ದಾರಿ ದೂರಶಿಕ್ಷಣ. ಸಂಬಳ ಬಿಟ್ಟು ಎರಡು ವರ್ಷ ಬೆಂಗಳೂರಲ್ಲಿ ಕೂರೋದು ಎಲ್ಲರ ಮನೆಯಲ್ಲೂ ಆಗೋ ಮಾತಲ್ಲ. ಆ ದಾರಿ ಈಗ ಕಿರಿದಾಗಿದೆ. ಸೈಕಾಲಜಿ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ನ್ಯೂಟ್ರಿಷನ್‌ನಂಥ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದು ಯುಜಿಸಿ ಹೇಳಿದೆ.

ಯುಜಿಸಿ ಹೆಸರಿಸಿದ ವಿಷಯಗಳಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಇಲ್ಲ. ಇದು ಆರೋಗ್ಯದ ಲೆಕ್ಕಾಚಾರದ ಶಾಸ್ತ್ರ. ಲ್ಯಾಬ್ ಬೇಡ, ಕಂಪ್ಯೂಟರ್ ಸಾಕು. ಆಸ್ಟ್ರೇಲಿಯಾದಲ್ಲಿ ಹಲವು ವಿವಿಗಳು ಸೇರಿ ಕೆಲಸದಲ್ಲಿರೋರಿಗಾಗಿ ಎರಡು ದಶಕದಿಂದ ಇದನ್ನು ದೂರಶಿಕ್ಷಣದಲ್ಲೇ ಕಲಿಸುತ್ತಿವೆ.

ಈ ವಿದ್ಯೆಯ ಉಪಯೋಗ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಇಲ್ಲಿನ ಜನ ವರ್ಷಗಟ್ಟಲೆ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. ಹಾಗಾದ್ರೆ ಲಸಿಕೆ ಕೆಲಸ ಮಾಡ್ತಿದೆಯೋ ಇಲ್ಲವೋ? ಹಳ್ಳಿಕಟ್ಟೆಯ ವಾದದಿಂದ ಅದು ತೀರ್ಮಾನ ಆಗಲಿಲ್ಲ. 2005ರಿಂದ 2010ರವರೆಗಿನ ಅಂಕಿಅಂಶ ಹಿಡಿದು ಲೆಕ್ಕ ಹಾಕಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್‌ನಿಂದ ಸಿಗುವ ರಕ್ಷಣೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಅಂದ್ರೆ ಲಸಿಕೆ ಪಡೆಯದವರಲ್ಲಿ 100 ಜನಕ್ಕೆ ಕಾಯಿಲೆ ಬರೋ ಕಡೆ, ಎರಡು ಡೋಸ್ ಪಡೆದ ಅಷ್ಟೇ ಜನರ ಗುಂಪಿನಲ್ಲಿ 38 ಮಂದಿಗೆ ಬರುತ್ತೆ. ಆ ಲಸಿಕೆ ಈಗ ನಿಂತಿದೆ. ಹೊಸದು ಬಂದರೂ ಮತ್ತೆ ಇದೇ ಲೆಕ್ಕ ಹಾಕಬೇಕು. ಕಾಡಂಚಿನ ಊರುಗಳ ಪರಿಚಯ ಇರೋರೇ ಅದನ್ನು ಹಾಕಿದರೆ ಇನ್ನೂ ಒಳ್ಳೇದು.

ಹಾಗಾದ್ರೆ ಓದೋದೆಲ್ಲಿ? ಇದೇ ವಿಷಯದ ಎಂಎಸ್ಸಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಮಣಿಪಾಲದಲ್ಲೂ ಇದೆ. ಎರಡೂ ರೆಗ್ಯುಲರ್, ಕೆಲಸ ಬಿಟ್ಟೇ ಹೋಗಬೇಕು. ಕೆಲಸ ಬಿಡದವರಿಗೆ ಹತ್ತಿರದ ದಾರಿ ಇಗ್ನೋದ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್. ಪಿಜಿ ಡಿಪ್ಲೊಮಾನೂ ಇದೆ, ಎಂಎಸ್ಸಿನೂ ಇದೆ. ಸರ್ಟಿಫಿಕೇಟ್ ಮೇಲೆ ‘ಬಯೋ’ ಅನ್ನೋ ಎರಡಕ್ಷರ ಇರಲ್ಲ, ಆದರೆ ಬುನಾದಿ ಅದೇ. ನಿಯಮ ಪಾಲಿಸಿ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ.

ಆ ‘ನಿಯಮ ಪಾಲಿಸಿ’ ಅನ್ನೋದರಲ್ಲೇ ಎಡವೋದು. ಮೈಸೂರಿನ ಮುಕ್ತ ವಿವಿ ಪ್ರಸಂಗ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. 2013-14ರಿಂದ ಅನ್ವಯವಾಗುವಂತೆ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಫೀಸ್ ಕಟ್ಟಿ, ಪರೀಕ್ಷೆ ಬರೆದವರು ನಡುನೀರಲ್ಲಿ ನಿಂತರು. ಮಾನ್ಯತೆ ವಾಪಸ್ ಬಂದಿದ್ದು 2018ರಲ್ಲಿ. ಈಗ ಅಲ್ಲಿ ಓದೋರಿಗೆ ಆ ತೊಂದರೆ ಇಲ್ಲ, ಆದರೆ ಹೋದ ವರ್ಷಗಳನ್ನು ತಂದುಕೊಡೋರು ಯಾರು?

ಹಾಗಾಗಿ ವಿವಿ ಹೆಸರು ದೊಡ್ಡದು ಅಂತ ನಂಬಿ ಕೂರಬಾರದು. ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟ್‌ನಲ್ಲಿ ಆ ವಿವಿಗೆ, ಅದೇ ಕೋರ್ಸಿಗೆ, ಅದೇ ವರ್ಷಕ್ಕೆ ಅನುಮತಿ ಇದೆಯಾ ನೋಡಬೇಕು. 2024ರಿಂದ ಅಡ್ಮಿಶನ್‌ಗೆ ಡಿಇಬಿ ಐಡಿ ಕಡ್ಡಾಯ, ಅದನ್ನು ವಿದ್ಯಾರ್ಥಿಯೇ ಮಾಡಿಸಿಕೊಳ್ಳಬೇಕು. ‘ಐಡಿ ಗಿಡಿ ಏನೂ ಬೇಡ, ನಾವೇ ಎಲ್ಲಾ ನೋಡ್ಕೋತೀವಿ’ ಅಂದವರ ಕೈಗೆ ದುಡ್ಡು ಕೊಡಬಾರದು. ಹೊರರಾಜ್ಯದ ರಾಜ್ಯ ವಿವಿ ಹೆಸರಲ್ಲಿ ಬಸ್‌ಸ್ಟ್ಯಾಂಡ್ ಪಕ್ಕ ಸ್ಟಡಿ ಸೆಂಟರ್ ಬೋರ್ಡ್ ನೇತಾಡ್ತಿದ್ದರೆ ಇನ್ನೂ ಹುಷಾರು. ದೂರಶಿಕ್ಷಣವನ್ನು ಫ್ರಾಂಚೈಸಿ ಕೊಡೋದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶವೇ ಇಲ್ಲ.

ಇನ್ನೊಂದು ವಿಷಯ. ಪಿಯುಸಿಯಲ್ಲಿ ಗಣಿತ ಬಿಟ್ಟು ಬಯಾಲಜಿ ಹಿಡಿದು ಬಂದವರಿಗೆ ಮೊದಲ ಸೆಮಿಸ್ಟರೇ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಈ ಲೆಕ್ಕಕ್ಕೆ ಬಳಸೋ ‘ಆರ್’ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಅಪ್ಲಿಕೇಶನ್ ಹಾಕೋ ಮುಂಚೆ, ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಒಂದು ಗಂಟೆ ಅದರ ಮುಂದೆ ಕೂತು ನೋಡಬಹುದು. ತಿಂಗಳಾದ ಮೇಲೂ ಕೂರೋ ಮನಸ್ಸಿದ್ದರೆ ಆಮೇಲೆ ಫೀಸ್ ವಿಚಾರ.