ಕುಂಡದ ತೋಟ: ಮಲ್ಲಿಗೆ ಸತ್ತಿಲ್ಲ

ಫಾಲ್ಗುಣ ಕಾಲಿಟ್ಟಿತೆಂದರೆ ದೆಹಲಿಯ ಸರಕಾರಿ ವಸತಿಗಳ ಮುಂದೆ ಹೂವಿನ ಜಾತ್ರೆ. ಆಶ್ವಯುಜದಲ್ಲಿ ಬಿತ್ತಿದ ಪಿಟೂನಿಯ, ಫ್ಲಾಕ್ಸ್, ಕ್ಯಾಲೆಂಡುಲಗಳು ಈಗ ಬಣ್ಣ ಚೆಲ್ಲುತ್ತವೆ. ರಸ್ತೆಯ ಬೂರುಗದ ಮರಗಳು ಎಲೆಯುದುರಿಸಿ, ಕೆಂಪು ಹೂ ಹೊತ್ತು ನಿಲ್ಲುತ್ತವೆ. 2023ರಿಂದ ಅಮೃತ ಉದ್ಯಾನವೆನಿಸಿಕೊಂಡ ರಾಷ್ಟ್ರಪತಿ ಭವನದ ತೋಟಕ್ಕೆ ಜನ ಮುಗಿಬೀಳುವುದೂ ಈ ಋತುವಿನಲ್ಲೇ.

ಈ ಸಂಭ್ರಮದಲ್ಲಿ ನಮ್ಮ ಮಲ್ಲಿಗೆ ಮಾತ್ರ ಮೂಲೆಯ ಕುಂಡದಲ್ಲಿ ಬರಿಯ ಕಡ್ಡಿಯಾಗಿರುತ್ತದೆ. ಊರಿನಿಂದ ರೈಲಿನಲ್ಲಿ ಜೋಪಾನವಾಗಿ ತಂದ ಗಿಡವನ್ನು ಚಳಿಗೆ ಸತ್ತಿತೆಂದು ಕಿತ್ತೆಸೆಯುವವರನ್ನು ಪ್ರತಿವರ್ಷವೂ ಕಾಣುತ್ತೇವೆ. ಸೋದರಿಯರೇ, ಅವಸರ ಬೇಡ. ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿ. ಒಳಗೆ ಹಸುರಿದ್ದರೆ ಜೀವವಿದೆ. ಒಣಗಿದ ತುದಿಗಳನ್ನು ಕತ್ತರಿಸಿ, ಮೇಲ್ಮಣ್ಣು ಸಡಿಲಿಸಿ, ಚೆನ್ನಾಗಿ ಕಳಿತ ಸಗಣಿಗೊಬ್ಬರ ಹಾಕಿ, ಕುಂಡವನ್ನು ಬಿಸಿಲಿಗೆ ಸರಿಸಿ. ಚಿಗುರಿದ ಮೇಲೆ ನೀರು ಹೆಚ್ಚಿಸಿ. ಮಲ್ಲಿಗೆಗೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಕತ್ತರಿಗೆ ಅಂಜಬೇಕಿಲ್ಲ.

ಯುಗಾದಿಯ ಪೂಜೆಗೇ ಹೂ ಸಿಕ್ಕೀತೆಂದು ಮಾತು ಕೊಡಲಾರೆವು. ಆದರೆ ಬಿಸಿಲೇರಿ ಪಿಟೂನಿಯಗಳೆಲ್ಲ ಬಾಡಿಹೋದ ಮೇಲೆ, ಅಂಗಳದಲ್ಲಿ ಉಳಿಯುವುದು ಇದೇ ಮಲ್ಲಿಗೆ. ದೆಹಲಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಅಜ್ಜಿಯ ಮುಡಿಯ ಪರಿಮಳದ ಗುರುತಾಗುವುದು ಆ ಬೇಸಿಗೆಯ ಸಂಜೆಗಳಲ್ಲಿ. ವರ್ಗವಾದರೆ ವಸತಿ ಬಿಡಬೇಕು, ಕುಂಡವನ್ನು ಬಿಡಬೇಕಾಗಿಲ್ಲ.

ರೆಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹುಗಿದು ಹೊಸ ಸಸಿ ಮಾಡುವ ಕ್ರಮವನ್ನು ಮಳೆಗಾಲದ ಸಂಚಿಕೆಯಲ್ಲಿ ತಿಳಿಸುತ್ತೇವೆ. ನೆರೆಮನೆಗೂ ಒಂದು ಗಿಡ ಸಂದೀತು.