ಮೀನಿಗೂ ಕೋಟಾ ಬಂದ್ರ ಯಾರ ಹೆಸರಿಗೆ ಬರೀತಾರ?

1/6
ಸಿಮೆಂಟ್ ಊರಾಗ ಕುಂತು ಮೀನಿನ ಮಾತು ಯಾಕ ಅಂತೀರಿ? ಹೊನಗುಂಟಾ ಹತ್ರ ಕಾಗಿಣಾ ಹೋಗಿ ಭೀಮಾ ಸೇರ್ತದಲ್ಲ, ಅಲ್ಲಿ ಬಲಿ ಹಾಕೋ ಮಂದಿಗೂ ಈ ಮಾತಿಗೂ ಸಂಬಂಧ ಅದ. ಕೊನೀತನಕ ಓದ್ರಿ.

ಕೋಟಾ ಅಂದ್ರ ನಮಗ ಸೀಟು, ನೌಕರಿ ನೆನಪಾಗ್ತದ. ಮೀನುಗಾರಿಕೆಯಲ್ಲಿ ಅದು ಬೇರೆ. ಈ ವರ್ಷ ಈ ಜಾತಿಯ ಮೀನು ಒಟ್ಟು ಇಷ್ಟೇ ಟನ್ ಹಿಡೀಬೇಕು ಅಂತ ಸರ್ಕಾರ ಮಿತಿ ಹಾಕುತ್ತದೆ. ಆಮೇಲೆ ಅದನ್ನ ದೋಣಿಗಳಿಗೆ, ಕಂಪನಿಗಳಿಗೆ ಪಾಲು ಮಾಡಿ ಕೊಡುತ್ತದೆ. ಕೆಲವು ದೇಶಗಳಲ್ಲಿ ಆ ಪಾಲನ್ನ ಶೇರಿನ ಹಂಗ ಮಾರಬಹುದು, ಕೊಳ್ಳಬಹುದು.

2/6
ಮಿತಿ ಬ್ಯಾಡ ಅಂತ ನಾನು ಹೇಳ್ತಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ನೂರಾರು ವರ್ಷ ಕಾಡ್ ಮೀನು ಹಿಡಿದರು. 1992ರಲ್ಲಿ ಮೀನೇ ಉಳಿಯದೆ ಸರ್ಕಾರ ಹಿಡಿಯೋದನ್ನೇ ನಿಲ್ಲಿಸಿತು. ಸುಮಾರು 30 ಸಾವಿರ ಮಂದಿಯ ಕೆಲಸ ಹೋಯ್ತು. ಆದ್ರ ಒಂದು ಮಾತು ಗಮನಿಸ್ರಿ: ಅಲ್ಲಿ ಮೊದಲೇ ಕೋಟಾ ಇತ್ತು. ಅದನ್ನ ಹೆಚ್ಚಿಗೆ ಇಟ್ಟಿದ್ದರು. "ನಮ್ಮ ಬಲಿಗೆ ಮೀನು ಕಮ್ಮಿ ಬೀಳ್ಲಿಕತ್ತಾವ" ಅಂತ ದಂಡಿಯ ಸಣ್ಣ ಮೀನುಗಾರರು 1980ರ ದಶಕದಲ್ಲೇ ಎಚ್ಚರಿಸಿದ್ದರು. ಅವರ ಮಾತು ತಡವಾಗಿ ಕೇಳಿಸಿತು.

3/6
ಈಗ ಪಾಲಿನ ವಿಷಯ. ನ್ಯೂಜಿಲೆಂಡ್ 1986ರಲ್ಲಿ ಮಾರಬಹುದಾದ ಕೋಟಾ ತಂದಿತು. ಹಿಂದಿನ ವರ್ಷಗಳಲ್ಲಿ ಯಾರು ಎಷ್ಟು ಹಿಡಿದಿದ್ದಾರೆ ಅನ್ನೋ ಲೆಕ್ಕದ ಮೇಲೆ ಪಾಲು. ನ್ಯಾಯ ಅನಿಸ್ತದ ಅಲ್ಲ? ಆದ್ರ ಅದಕ್ಕೂ ಮುಂಚೆ, 1983ರಲ್ಲೇ, ಪಾರ್ಟ್ ಟೈಮ್ ಮೀನುಗಾರರನ್ನ ಲೈಸೆನ್ಸಿನಿಂದ ಹೊರಗಿಟ್ಟಿದ್ದರು. ಅವರಲ್ಲಿ ಬಹಳ ಮಂದಿ ಅಲ್ಲಿನ ಮೂಲನಿವಾಸಿ ಮಾವೊರಿಗಳು. ಒಂದಿಷ್ಟು ದಿನ ಮೀನು, ಒಂದಿಷ್ಟು ದಿನ ಬೇರೆ ಕೂಲಿ. ಅವರ ಹಕ್ಕಿನ ವಿಷಯ ಕೋರ್ಟಿಗೆ ಹೋಗಿ, 1992ರಲ್ಲಿ ಸರ್ಕಾರ ಒಪ್ಪಂದ ಮಾಡಿಕೊಳ್ಳಬೇಕಾಯ್ತು.

ಐಸ್‌ಲ್ಯಾಂಡ್‌ನಲ್ಲಿ ಕೋಟಾ ಇಲ್ಲದೆ ಮೀನು ಹಿಡಿದ ಇಬ್ಬರಿಗೆ ಶಿಕ್ಷೆ ಆಯ್ತು. ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದರು. ಎಲ್ಲರದ್ದೂ ಆದ ಮೀನು ಮೊದಲು ಪಾಲು ಸಿಕ್ಕವರ ಕಾಯಂ ಆಸ್ತಿ ಆಗಿಬಿಟ್ಟರೆ ಅದು ತಾರತಮ್ಯ ಅಂತ 2007ರಲ್ಲಿ ಸಮಿತಿ ಅವರ ಪರ ಹೇಳಿತು.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ: ಕೋಟಾ ಅಂದ್ರ ಸರ್ಕಾರ ಒಂದು ದಿನ ಕೂತು ಹುಟ್ಟಿಸೋ ಆಸ್ತಿ. ಆವತ್ತು ಯಾರ ಖಾತೆಗೆ ಜಮಾ ಆಗ್ತದೋ, ಮುಂದಿನ ತಲೆಮಾರು ಅವರ ಹತ್ರ ಬಾಡಿಗೆಗೆ ಕೇಳಬೇಕು.

4/6
ನಮ್ಮ ಕರಾವಳಿಯಲ್ಲಿ ಇಂಥ ಟನ್ ಲೆಕ್ಕದ ಕೋಟಾ ಇಲ್ಲ. ಇಲ್ಲಿ ಮಿತಿ ಇರೋದು ದಿನಕ್ಕೆ ಮತ್ತು ಬಲೆಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಂಗಿಲ್ಲ. 10 ಅಶ್ವಶಕ್ತಿವರೆಗಿನ ನಾಡದೋಣಿಗಳಿಗೆ ವಿನಾಯಿತಿ. ಈ ನಿಯಮ ನನಗೆ ಸರಿ ಅನಿಸ್ತದ, ಯಾಕಂದ್ರ ದೊಡ್ಡವರನ್ನ ನಿಲ್ಲಿಸಿ ಸಣ್ಣವರಿಗೆ ದಾರಿ ಬಿಡುತ್ತದೆ.

ಆದ್ರ ನಿಯಮ ಹಾಳಿ ಮೇಲಿದ್ರ ಸಾಲದು. ಜನರೇಟರ್ ಹಚ್ಚಿ, ಕಣ್ಣು ಕುಕ್ಕೋ ಬೆಳಕು ಬಿಟ್ಟು, ಮೀನು ಸೆಳೆದು ಬಾಚೋದನ್ನ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಆಮೇಲೂ ಅದು ನಿಂತಿಲ್ಲ ಅಂತ ನಾಡದೋಣಿಯವರು ಮತ್ತೆ ಮತ್ತೆ ಪ್ರತಿಭಟನೆ ಮಾಡಿದ್ದಾರೆ.

5/6
ಈಗ ನಮ್ಮ ಕಡಿಗೆ ಬರೋಣು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ಕೋಟಾದ ಕೆಲಸ ಮಾಡೋದು ಗುತ್ತಿಗೆ ಕಾಗದ. ಕೆರೆಯ ಮೀನಿನ ಹಕ್ಕನ್ನ ಸಾಮಾನ್ಯವಾಗಿ 5 ವರ್ಷಕ್ಕೆ ಗುತ್ತಿಗೆ ಕೊಡ್ತಾರ. ಮೀನುಗಾರರ ಸಹಕಾರ ಸಂಘಕ್ಕೆ ಆದ್ಯತೆ, ಇಲ್ಲಾಂದ್ರ ಟೆಂಡರ್, ಹರಾಜು. ಟೆಂಡರ್ ಅಂದ ಕೂಡಲೇ ರೊಕ್ಕ ಇದ್ದವರ ಆಟ. ಕಾಗದ ಒಬ್ಬನ ಹೆಸರಿಗೆ ಹೋದ್ರ, ಅದೇ ಊರಿನ ಬಲಿಯವನು ಅದೇ ಕೆರೆಯಲ್ಲಿ ಕೂಲಿಯವ ಆಗ್ತಾನ.

"ಗುತ್ತಿಗೆದಾರ ಮೀನುಮರಿ ಬಿಡ್ತಾನ, ಬಂಡವಾಳ ಹಾಕ್ತಾನ, ಅವನಿಗೂ ಹಕ್ಕಿಲ್ಲೇನು?" ಅಂತ ನೀವು ಕೇಳಬಹುದು. ಅದ. ಮರಿಗೆ, ಕಾವಲಿಗೆ ಖರ್ಚು ಬರ್ತದ, ಸುಳ್ಳಲ್ಲ. ಆದ್ರ ಆ ಬಂಡವಾಳವನ್ನ ಸಂಘಕ್ಕೆ ಸಾಲವಾಗಿ ಕೊಡಬಹುದಲ್ಲ? ರೈತರ ಸಂಘಕ್ಕೆ ಬೆಳೆಸಾಲ ಕೊಡೋ ಹಂಗ. ಹೊಳೀಲಿ ತಾನಾಗಿ ಹುಟ್ಟಿದ ಮೀನಿಗಂತೂ ಯಾರ ಬಂಡವಾಳ?

6/6
ನನ್ನ ಮಾತು ಇಷ್ಟು. ಮಿತಿ ಇರಲಿ, ಆದ್ರ ಅದು ಮೊದಲು ದೊಡ್ಡ ಬಲೆಗೆ ಬೀಳಲಿ. ಹಕ್ಕು ಕೊಡೋದಾದ್ರ ಊರಿನ ಸಂಘಕ್ಕೆ ಕೊಡ್ರಿ, ಮಾರಲಿಕ್ಕೆ ಬಾರದಂಗ ಕೊಡ್ರಿ. ಮತ್ತ ಲೆಕ್ಕ ಹಾಕುವಾಗ ಪಾರ್ಟ್ ಟೈಮಿನವರನ್ನ ಬಿಡಬ್ಯಾಡ್ರಿ. ನಮ್ಮ ಕಡಿ ಹೊಳಿ ಬತ್ತಿದ್ರ ಪರಸಿ ಖಣಿ, ತೊಗರಿ ರಾಶಿ, ನೀರು ಬಂದ್ರ ಬಲಿ. ಇವರ ಹತ್ರ ಬಿಲ್ ಇರೋದಿಲ್ಲ, ರಿಜಿಸ್ಟರ್ ಇರೋದಿಲ್ಲ. ಹಿಂದಿನ ದಾಖಲೆ ತೋರ್ಸು ಅಂದ್ರ ಅವರು ಏನು ತೋರಿಸಬೇಕು, ಕೈಯಾಗಿನ ಗಾಯನಾ?

ಈ ಪೋಸ್ಟ್ ಲೈಕ್ ಮಾಡಿ ಸುಮ್ಮನಾಗಬ್ಯಾಡ್ರಿ. ನಿಮ್ಮೂರ ಕೆರೆಯ ಗುತ್ತಿಗೆ ಯಾರ ಹೆಸರಿಗೆ ಅದ, ಎಷ್ಟು ವರ್ಷಕ್ಕೆ ಅದ ಅಂತ ಪಂಚಾಯ್ತಿಯಲ್ಲಿ ಒಮ್ಮೆ ಕೇಳ್ರಿ. ಸಂಘ ಇದ್ರ, ಅದರಾಗ ನಿಜವಾಗಿ ಬಲಿ ಹಾಕೋರು ಎಷ್ಟು ಮಂದಿ ಇದ್ದಾರ ನೋಡ್ರಿ. ಉತ್ತರ ಸಿಕ್ಕವರು ಕಮೆಂಟ್‌ನಾಗ ಊರಿನ ಹೆಸರು ಹಾಕಿ ಬರೀರಿ.

#ವಾಡಿ #ಕಾಗಿಣಾ #ಮೀನುಗಾರರು