ಮುಕ್ತಾಯಕ್ಕೊಂದು ಕೀಲಿ

ಆಫೀಸಿನಲ್ಲಿ ಯಾರಾದರೂ ರೈಟ್ ಕ್ಲಿಕ್ ಮಾಡಿ, ಪಟ್ಟಿ ಇಳಿಸಿ, ಅದರಲ್ಲಿ 'ಕಾಪಿ' ಎಲ್ಲಿದೆ ಅಂತ ಹುಡುಕುತ್ತಿದ್ದರೆ ನಾವು ಮುಸಿಮುಸಿ ನಗ್ತೀವಿ. ಕಂಟ್ರೋಲ್-ಸಿ ಗೊತ್ತಿಲ್ವಾ ಮಾರಾಯ ಅಂತ. ಅದೇ ನಾವು ಶನಿವಾರ ರಾತ್ರಿ ಮನೆಯಲ್ಲಿ ನೊಟೇಶನ್ ಸಾಫ್ಟ್‌ವೇರ್ ತೆರೆದು ಕೂತರೆ, ಒಂದೊಂದೇ ಸ್ವರವನ್ನು ಮೌಸಿನಲ್ಲಿ ಹಿಡಿದು ಗೆರೆಯ ಮೇಲೆ ಇಟ್ಟು ಬರ್ತೀವಿ. ಕೇಳಿದರೆ, "ಸಂಗೀತ ಅಲ್ವಾ, ನಿಧಾನಕ್ಕೇ ಆಗ್ಬೇಕು." ಇದು ಸಂಗೀತದ ಮೇಲಿನ ಗೌರವ ಅಲ್ಲ ಸ್ವಾಮಿ, ಶುದ್ಧ ಸೋಮಾರಿತನ. ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಆ ಸೋಮಾರಿ ನಾನೇ ಆಗಿದ್ದೆ.

ನನ್ನೂರು ಹಂಗಾರಕಟ್ಟೆ. ಮಾಬುಕಳದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಬಂದರೆ ಹೊಳೆ, ದೋಣಿ ಕಟ್ಟುವ ಜಾಗ, ಕೋಡಿಬೆಂಗ್ರೆಗೆ ದಾಟಿಸುವ ಬಾರ್ಜ್. ಊರಲ್ಲೇ ಯಕ್ಷಗಾನ ಕಲಾಕೇಂದ್ರ. ಪಕ್ಕದ ಗುಂಡ್ಮಿ ಕಾಳಿಂಗ ನಾವಡರ ಊರು. ಇಂಥ ಕಡೆ ಹುಟ್ಟಿದವನಿಗೆ ಚಂಡೆಯ ಸದ್ದು ಬೇಡ ಅಂದರೂ ಕಿವಿಗೆ ಬೀಳ್ತದೆ. ನನ್ನ ಸೋದರಮಾವ ಹವ್ಯಾಸಿ ಭಾಗವತರು. ಮೇಳಕ್ಕೆ ಹೋದವರಲ್ಲ. ಆದರೆ ಯಾವ ಪದ್ಯವನ್ನು ಹಿಂದಿನವರು ಯಾವ ಮಟ್ಟಿನಲ್ಲಿ ಹಾಡುತ್ತಿದ್ದರು ಅಂತ ಕೇಳಿ, ಸುಮ್ಮನೆ ಹಾಡಿ ತೋರಿಸ್ತಾರೆ. ಈಗ ಅವರಿಗೆ 74. ಏರುಪದ್ಯಕ್ಕೆ ಉಸಿರು ಸಾಲ್ತಾ ಇಲ್ಲ.

ಒಂದು ಚೌತಿ ರಜೆಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಅವರ ಚಾವಡಿಯಲ್ಲಿ ಕೂತೆ. ನಾಲ್ಕು ದಿನದಲ್ಲಿ ಇಪ್ಪತ್ತು ಪದ್ಯ ಬರೆದುಬಿಡ್ತೇನೆ ಅಂತ ಲೆಕ್ಕ. ಮೊದಲ ದಿನ ಸಂಜೆಯಾದರೂ ಒಂದು ಪದ್ಯ ಮುಗಿದಿರಲಿಲ್ಲ. ಮಾವ ಒಂದು ಸಾಲು ಹಾಡ್ತಾರೆ, ನಾನು ಮೌಸ್ ಆಡಿಸ್ತೇನೆ, ಅವರು ಕಾಯ್ತಾರೆ, ಎಲೆಯಡಿಕೆ ಹಾಕ್ತಾರೆ, ಮತ್ತೆ ಕಾಯ್ತಾರೆ. ಕಡೆಗೆ ಹೇಳಿದರು: "ಎಂತ ಮಾರಾಯಾ, ನೀ ಒಂದ್ ಸಾಲ್ ಬರೂದ್ರೊಳ್ಗೆ ನಂಗ್ ಪದ್ಯವೇ ಮರ್ತ್ ಹೋಯ್ತಲೆ."

ತಮಾಷೆಗೆ ಹೇಳಿದ್ದು. ಆದರೆ ಹಾಡುವವರ ಮನಸ್ಸು ಕಾಯೋದಿಲ್ಲ. ತಡೆದು ತಡೆದು ಹಾಡಿಸಿದರೆ ಅವರು ಹಾಡೋದು ಪದ್ಯವನ್ನಲ್ಲ, ಪದ್ಯದ ಪಾಠವನ್ನು. ನನ್ನ ನಿಧಾನ ನನ್ನೊಬ್ಬನ ಸಮಯ ತಿನ್ನುತ್ತಿರಲಿಲ್ಲ. ಅವರ ಹಾಡನ್ನೇ ಕೆಡಿಸ್ತಾ ಇತ್ತು.

ಮರುದಿನ ಬೆಳಿಗ್ಗೆ ಅರ್ಧ ಗಂಟೆ ಕೂತು, ವರ್ಷಗಳ ಹಿಂದೆಯೇ ಕಲಿಯಬೇಕಿದ್ದನ್ನು ಕಲಿತೆ. ನಾನು ಬಳಸೋದು ಮ್ಯೂಸ್‌ಸ್ಕೋರ್, ಉಚಿತ, ಓಪನ್ ಸೋರ್ಸ್. 'ಎನ್' ಒತ್ತಿದರೆ ಸ್ವರ ಬರೆಯುವ ಸ್ಥಿತಿಗೆ ಬರ್ತದೆ. 5 ಒತ್ತಿದರೆ ಕ್ವಾರ್ಟರ್ ನೋಟ್, 4 ಒತ್ತಿದರೆ ಅದರ ಅರ್ಧ, 0 ಅಂದರೆ ಬಿಡುವು. 'ಎ'ಯಿಂದ 'ಜಿ'ಯವರೆಗಿನ ಅಕ್ಷರಗಳೇ ಸ್ವರಗಳು. 'ಆರ್' ಒತ್ತಿದರೆ ಆಯ್ದುಕೊಂಡದ್ದು ಇನ್ನೊಮ್ಮೆ ಬೀಳ್ತದೆ. ಕಂಟ್ರೋಲ್-ಎಲ್ ಒತ್ತಿ ಸಾಹಿತ್ಯ ಟೈಪಿಸಬಹುದು, ಸ್ಪೇಸ್ ಒತ್ತಿದಂತೆಲ್ಲ ಮುಂದಿನ ಸ್ವರದ ಕೆಳಗೆ ಹೋಗ್ತದೆ. ಇಷ್ಟೇ. ಅಂದು ಮಧ್ಯಾಹ್ನದ ಊಟದೊಳಗೆ ಎರಡು ಪದ್ಯ ಆಯ್ತು.

ಇಲ್ಲಿಗೇ ನಿಂತಿದ್ದರೆ ಇದು ಯೂಟ್ಯೂಬಿನ 'ಹತ್ತು ಟಿಪ್ಸ್' ಆಗ್ತಿತ್ತು. ನನ್ನ ನಿಜವಾದ ತಕರಾರು ಮುಂದಿದೆ.

ಈ ಕೀಲಿಗಳನ್ನು ಇಟ್ಟವರು ಯಾರ ಸಂಗೀತಕ್ಕಾಗಿ ಇಟ್ಟರು? ಒಂದು ಒತ್ತಿಗೆ ಏನು ಬರ್ತದೋ ಅದನ್ನು ನಾವು ಧಾರಾಳವಾಗಿ ಬರೀತೀವಿ. ಹತ್ತು ಕ್ಲಿಕ್ ಬೇಕಾದದ್ದನ್ನು 'ಆಮೇಲೆ ನೋಡೋಣ' ಅಂತ ಬಿಡ್ತೀವಿ. ಪಿಯಾನೋದ ಸ್ವರಕ್ಕೆ ಒಂದು ಕೀಲಿ ಉಂಟು, ಗಮಕಕ್ಕೆ ಇಲ್ಲ. ಮೂರಕ್ಕೆ, ನಾಲ್ಕಕ್ಕೆ ಕೂರುವ ತಾಳ ಸಲೀಸು, 7 ಅಕ್ಷರದ ತ್ರಿವುಡೆಗೆ ಮೆನುವಿನೊಳಗೆ ಇಳಿಯಬೇಕು. ಚಂಡೆಯ ಬಿಡ್ತಿಗೆ, ಮುಕ್ತಾಯಗಳ ಹೆಸರೂ ಅಲ್ಲಿಲ್ಲ. ಹೀಗೆ ಬರೆಯುತ್ತಾ ಹೋದರೆ ಕಡೆಗೆ ಉಳಿಯೋದು ಬಡಗುತಿಟ್ಟಿನ ಪದ್ಯ ಅಲ್ಲ, ಪಿಯಾನೋಗೆ ಒಗ್ಗಿದ ಅದರ ಅಸ್ಥಿಪಂಜರ. ಕೀಲಿ ಇಲ್ಲದ್ದು ಕಾಗದಕ್ಕೂ ಇಳಿಯೋದಿಲ್ಲ.

ಈ ಸಮಸ್ಯೆಯನ್ನು ಕನ್ನಡ ಒಮ್ಮೆ ಎದುರಿಸಿ ಗೆದ್ದಿದೆ. ಟೈಪ್‌ರೈಟರಿನಲ್ಲಿ ಕನ್ನಡ ಅಂದರೆ ಅಕ್ಷರದ ತುಂಡುಗಳನ್ನು ಜೋಡಿಸುವ ಕೆಲಸ. ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಕಂಪ್ಯೂಟರಿಗೆ ಕೀಲಿಮಣೆ ರೂಪಿಸುವಾಗ ತುಂಡುಗಳನ್ನು ಬಿಟ್ಟು ಉಚ್ಚಾರಣೆಯ ತರ್ಕ ಹಿಡಿದರು. 'ಕೆ' ಒತ್ತಿದರೆ ಕ, ಆಮೇಲೆ 'ಐ' ಒತ್ತಿದರೆ ಕಿ, ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ಆ ವಿನ್ಯಾಸವೇ ನುಡಿ ತಂತ್ರಾಂಶದ ಮೂಲಕ ಮನೆಮಾತಾಯ್ತು. ಯಂತ್ರಕ್ಕೆ ತಕ್ಕಂತೆ ಭಾಷೆಯನ್ನು ಮುರಿಯಲಿಲ್ಲ, ಭಾಷೆಗೆ ತಕ್ಕಂತೆ ಕೀಲಿ ಇಟ್ಟರು. ಕೋಡ್ ಬರೆದು ಸಂಬಳ ಎಣಿಸುವ ನಾವು ಸಂಗೀತಕ್ಕೆ ಅಷ್ಟು ಮಾಡೋಕಾಗಲ್ವಾ?

ನಾನು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ವಿಂಡೋಸಿನಲ್ಲಿ ಆಟೋಹಾಟ್‌ಕೀ ಅನ್ನೋ ಉಚಿತ ತಂತ್ರಾಂಶ ಉಂಟು. ಯಾವ ಕೀಲಿ ಒತ್ತಿದರೆ ಯಾವ ಕೀಲಿಗಳ ಸಾಲು ಒತ್ತಿದಂತಾಗಬೇಕು ಅಂತ ಒಂದು ಫೈಲಿನಲ್ಲಿ ಬರೆದಿಟ್ಟರೆ ಸಾಕು. ಕ್ಯಾಪ್ಸ್ ಲಾಕ್ ಹಾಕಿದಾಗ ಎಸ್, ಆರ್, ಜಿ, ಎಮ್, ಪಿ, ಡಿ, ಎನ್ ಅಂದರೆ ಸರಿಗಮಪದನಿ. ಷಡ್ಜವನ್ನು 'ಸಿ' ಅಂತ ಹಿಡಿದು ಬರೆಯೋದು. ಮಾವನ ಶ್ರುತಿ ಯಾವುದೇ ಇರಲಿ, ಅದನ್ನು ಮೇಲೆ ಒಂದು ಮಾತಿನಲ್ಲಿ ಹೇಳಿದರಾಯ್ತು. ತ್ರಿವುಡೆ, ಝಂಪೆ, ಏಕ ಇವಕ್ಕೆ ಒಂದೊಂದು ಕೀಲಿ. ಗಮಕದ ಗುರುತಿಗೆ ಒಂದು. ಪದೇ ಪದೇ ಬರುವ ಮುಕ್ತಾಯಕ್ಕೂ ಒಂದು. ಎರಡು ಭಾನುವಾರದ ಕೆಲಸ.

ಆಮೇಲೆ ನಾನೇ ತಪ್ಪು ಮಾಡಿದೆ. ಮುಕ್ತಾಯಕ್ಕೆ ಕೀಲಿ ಸಿಕ್ಕಿದ ಖುಷಿಯಲ್ಲಿ ಪದ್ಯ ಮುಗಿದಲ್ಲೆಲ್ಲ ಅದನ್ನೇ ಒತ್ತಿದೆ. ಕಂಪ್ಯೂಟರಿನಿಂದ ನುಡಿಸಿ ಕೇಳಿಸಿದಾಗ ಮಾವ ಬೆರಳಲ್ಲಿ ತಾಳ ಹಾಕುತ್ತಾ ಕೇಳಿ, "ಇದ್ ಯಾರ್ ಬಾರ್ಸುದ್? ಮೂರ್ ಸರ್ತಿಯೂ ಒಂದೇ ನಮ್ನಿ!" ಅಂದರು. ಅವರು ಹಾಡಿದ್ದರಲ್ಲಿ ಮೂರನೇ ಸಲ ಬೇರೆ ಥರ ಬಿಟ್ಟಿದ್ದರು. ನನ್ನ ಮ್ಯಾಕ್ರೋ ಅದನ್ನು ನುಂಗಿತ್ತು. ಅಂದಿನಿಂದ ನನ್ನದೊಂದು ನಿಯಮ. ಮ್ಯಾಕ್ರೋ ಹಾಕಿದ್ದೆಲ್ಲ ಬೂದು ಬಣ್ಣದಲ್ಲಿ ಬೀಳಬೇಕು. ಧ್ವನಿಮುದ್ರಣದ ಜೊತೆ ಹೋಲಿಸಿ ನೋಡಿದ ಮೇಲಷ್ಟೇ ಅದನ್ನು ಕಪ್ಪಾಗಿಸೋದು. ಮ್ಯಾಕ್ರೋ ಕೈಗೆ ವೇಗ ಕೊಡಲಿ, ಕಿವಿಯ ಕೆಲಸಕ್ಕೆ ಕೈ ಹಾಕೋದು ಬೇಡ.

ಇಷ್ಟು ಹೇಳಿದರೆ ಎರಡು ಕಡೆಯಿಂದ ಬೈಗುಳ ಬರ್ತದೆ. ಊರಿನ ರಸಿಕರದು ಮೊದಲನೆಯದು: "ಬರೆದಿಟ್ಟರೆ ಯಕ್ಷಗಾನ ಒಣಗಿ ಹೋಗ್ತದೆ." ಕೋಟದ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ವಯೊಲಿನ್, ಸ್ಯಾಕ್ಸೊಫೋನ್ ತಂದಾಗಲೂ ಪರಂಪರೆ ಮುಳುಗಿತು ಅಂದವರಿದ್ದರು. ಆಟ ಇನ್ನೂ ನಡೀತಾ ಉಂಟು. ಪ್ರಸಂಗದ ಪುಸ್ತಕದಲ್ಲಿ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರು ಬರೆದೇ ಇರ್ತದಲ್ಲ? ಅದರಿಂದ ಒಣಗದ್ದು ಮಟ್ಟು ಬರೆದರೆ ಒಣಗ್ತದಾ? 1904ರಲ್ಲಿ ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಅಚ್ಚು ಹಾಕಿಸಿದಾಗ ಗಮಕಗಳಿಗೆಂದೇ ಗುರುತುಗಳನ್ನು ಇಟ್ಟರು. ಅಚ್ಚಿನ ಮೊಳೆ ಇಲ್ಲ ಅಂತ ಗಮಕ ಕೈಬಿಡಲಿಲ್ಲ. ನೊಟೇಶನ್ ಗುರು ಅಲ್ಲ, ಒಪ್ಪಿದೆ. ಆದರೆ ಗುರು ಇಲ್ಲದ ಕಾಲಕ್ಕೆ ಅದೊಂದು ದಾರಿಗುರುತು.

ಎರಡನೆಯದು ನಮ್ಮ ಐಟಿ ಗೆಳೆಯರದು: "ಇನ್ನೆರಡು ವರ್ಷದಲ್ಲಿ ಎಐ ಎಲ್ಲಾ ಬರ್ದು ಕೊಡತ್ತೆ, ಸುಮ್ನಿರೋ." ಆಗಲಿ, ಸಂತೋಷ. ಅದು ಕಲಿಯೋದು ಬರೆದಿಟ್ಟದ್ದರಿಂದ ತಾನೇ? ತ್ರಿವುಡೆ ಗೊತ್ತಿರೋ ಮನುಷ್ಯರು ಬರೆದಿಡದೇ ಹೋದರೆ ಅದು ಮಾವನ ಪದ್ಯವನ್ನೂ ನಾಲ್ಕಕ್ಕೆ ಕೂರಿಸಿ ಕೈಗಿಡ್ತದೆ. ತಪ್ಪು ಅಂತ ಹೇಳೋಕೆ ಆಗ ಮಾವ ಇರೋದಿಲ್ಲ.

ಒಂದು ಎಚ್ಚರಿಕೆಯ ಮಾತೂ ಇದೆ. 1988ರಿಂದ ಇದ್ದ ಫಿನಾಲೆ ತಂತ್ರಾಂಶದ ಅಭಿವೃದ್ಧಿಯನ್ನು 2024ರ ಆಗಸ್ಟಿನಲ್ಲಿ ನಿಲ್ಲಿಸಿದರು. ದಶಕಗಳಿಂದ ಬೆರಳಿಗೆ ಕೂತಿದ್ದ ಶಾರ್ಟ್‌ಕಟ್‌ಗಳನ್ನು ಎಷ್ಟೋ ಸಂಗೀತಗಾರರು ಮರೆತು ಹೊಸದು ಕಲಿಯಬೇಕಾಯ್ತು. ಹಾಗಾಗಿ ಬರೆದದ್ದನ್ನು ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲೂ ಉಳಿಸಿ, ಅದನ್ನು ಬೇರೆ ತಂತ್ರಾಂಶಗಳೂ ಓದ್ತವೆ. ಮ್ಯಾಕ್ರೋ ಫೈಲಿನಲ್ಲಿ ಯಾವ ಕೀಲಿ ಯಾಕೆ ಅಂತ ಕನ್ನಡದಲ್ಲಿ ಕಾಮೆಂಟ್ ಬರೆಯಿರಿ. ನಿಮ್ಮ ನಂತರದವರಿಗೆ ತಂತ್ರಾಂಶ ಸಿಗದಿದ್ದರೂ ತರ್ಕ ಸಿಗಲಿ.

ಈವರೆಗೆ 31 ಪದ್ಯ ಆಗಿದೆ. ಹನ್ನೊಂದು ಇನ್ನೂ ಬೂದು ಬಣ್ಣದಲ್ಲೇ ಉಂಟು. ಮುಂದಿನ ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ. ನಿಮ್ಮ ಮನೆಯಲ್ಲೂ ಸೋಬಾನೆಯೋ ಭಜನೆಯೋ ಬಾಯಲ್ಲಿ ಇಟ್ಟುಕೊಂಡ ಅಜ್ಜಿ, ದೊಡ್ಡಪ್ಪ ಇದ್ದಾರು. ಅವರ ಎದುರು ಕೂರುವ ಮೊದಲು ದಯವಿಟ್ಟು ಕೀಲಿಗಳನ್ನು ಕಲಿತು ಹೋಗಿ. ಅವರನ್ನು ಕಾಯಿಸಬೇಡಿ.